ಎ, ಆ್ಯನ್, ದಿ, ಇನ್, ಆನ್, ಅಟ್: ಕನ್ನಡದವರ ಕೈ ತಪ್ಪೋದು ಎಲ್ಲಿ, ಯಾಕೆ?

ಬಸವನಗುಡಿ_ಬರಹ:
ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ. ಬೆಂಗಳೂರಿನ ಯಾವ ಆಫೀಸಲ್ಲಾದ್ರೂ ಕಾಣಿಸೋ ಥರದ ಮೇಲ್ ಇದು. ಇಂಗ್ಲಿಷನ್ನೂ ಕನ್ನಡ ಅಕ್ಷರದಲ್ಲೇ ಹಾಕ್ತಿದೀನಿ. ‘ಆ್ಯನ್’ ಅಂದ್ರೆ ಆರ್ಟಿಕಲ್ (ಎ, ಆ್ಯನ್, ದಿ), ‘ಆನ್’ ಅಂದ್ರೆ ಪ್ರಿಪೊಸಿಷನ್ (ಇನ್, ಆನ್, ಅಟ್ ಥರದವು), ಕಲಸಿಕೋಬೇಡಿ.

“ಐ ಆಮ್ ವರ್ಕಿಂಗ್ ಆ್ಯಸ್ ಟೆಸ್ಟ್ ಇಂಜಿನಿಯರ್ ಸಿನ್ಸ್ ತ್ರೀ ಇಯರ್ಸ್. ವಿ ಡಿಸ್ಕಸ್ಡ್ ಅಬೌಟ್ ದಿ ರಿಲೀಸ್ ಇನ್ ಮಂಡೇ. ಪ್ಲೀಸ್ ಸೆಂಡ್ ಎ ಫೀಡ್‌ಬ್ಯಾಕ್ ವಿದಿನ್ ಫ್ರೈಡೇ. ಐ ವಿಲ್ ಬಿ ಇನ್ ಆಫೀಸ್ ಬಿಟ್ವೀನ್ 10 ಟು 5.”

ತಿದ್ದಿದ ವಾಕ್ಯ ಯಾವ ಆ್ಯಪ್ ಬೇಕಾದ್ರೂ ಕೊಡುತ್ತೆ. ತಪ್ಪು ಯಾಕೆ ಆಗುತ್ತೆ, ಬರೆಯೋವಾಗಲೇ ಹಿಡಿಯೋದು ಹೇಗೆ, ಅದು ಬೇಕು.

ಹಳೇ_ಮೇಷ್ಟ್ರು:
ಒಟ್ಟು ಒಂಬತ್ತು ತಪ್ಪುಗಳಿವೆ. ‘ಆಮ್ ವರ್ಕಿಂಗ್’ ಕ್ರಿಯಾಪದದ ತಪ್ಪು. ಉಳಿದ ಎಂಟರಲ್ಲಿ ಮೂರು ಆರ್ಟಿಕಲ್‌ನವು, ಐದು ಪ್ರಿಪೊಸಿಷನ್‌ನವು. ಬಹುಪಾಲಿನ ಹಿಂದೆ ಒಂದು ಕನ್ನಡ ವಾಕ್ಯ ಕೂತಿದೆ. ‘ಮೂರು ವರ್ಷದಿಂದ’, ‘ರಿಲೀಸ್ ಬಗ್ಗೆ’, ‘ಶುಕ್ರವಾರದೊಳಗೆ’, ‘ಆಫೀಸಲ್ಲಿ’. ವಿಭಕ್ತಿಯನ್ನೋ ‘ಬಗ್ಗೆ’, ‘ಒಳಗೆ’ಯಂಥ ಮಾತನ್ನೋ ಕಿತ್ತು ಒಂದೊಂದು ಇಂಗ್ಲಿಷ್ ಪದ ಅಂಟಿಸಿದ್ದಾರೆ.

ಆರ್ಟಿಕಲ್ ವಿಷಯಕ್ಕೆ ಮೊದಲು ಬರೋಣ. ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ಅದಕ್ಕೇ ನಮಗೆ ಕಷ್ಟ ಎಂದು ಎಲ್ಲರೂ ಹೇಳುತ್ತಾರೆ. ಪದ ಇಲ್ಲ, ನಿಜ. ಆದರೆ ‘ಯಾವುದೋ ಒಂದು’ ಮತ್ತು ‘ಅದೇ, ಗೊತ್ತಿರೋದು’ ಎನ್ನುವ ವ್ಯತ್ಯಾಸವನ್ನು ಕನ್ನಡ ಚೆನ್ನಾಗಿಯೇ ಮಾಡುತ್ತದೆ. ‘ಮನೆ ಹುಡುಕ್ತಿದೀನಿ’ ಎಂದರೆ ಬಾಡಿಗೆಗೆ ಯಾವುದಾದರೂ ಸರಿ: ‘ಐ ಆಮ್ ಲುಕಿಂಗ್ ಫಾರ್ ಎ ಹೌಸ್’. ‘ಮನೇನ ಹುಡುಕ್ತಿದೀನಿ’ ಎಂದರೆ ವಿಳಾಸ ಕೈಯಲ್ಲಿದೆ, ಕ್ರಾಸ್ ಸಿಕ್ಕಿಲ್ಲ: ‘ಲುಕಿಂಗ್ ಫಾರ್ ದಿ ಹೌಸ್’. ದ್ವಿತೀಯಾ ವಿಭಕ್ತಿಯ ‘ಅನ್ನು’ ಬಂದ ಕೂಡಲೇ ವಸ್ತು ನಿರ್ದಿಷ್ಟವಾಯಿತು.

ಕರ್ತೃವಿಗೆ ಆ ಪ್ರತ್ಯಯ ಹತ್ತುವುದಿಲ್ಲ, ಅಲ್ಲಿ ಪದಗಳ ಸಾಲು ಕೆಲಸ ಮಾಡುತ್ತದೆ. ‘ಟೇಬಲ್ ಮೇಲೆ ಕೀ ಇದೆ’ ಎಂಬುದು ‘ದೇರ್ ಈಸ್ ಎ ಕೀ ಆನ್ ದಿ ಟೇಬಲ್’. ‘ಕೀ ಟೇಬಲ್ ಮೇಲಿದೆ’ ಎಂಬುದು ‘ದಿ ಕೀ ಈಸ್ ಆನ್ ದಿ ಟೇಬಲ್’. ಎರಡನ್ನೂ ಬಾಯಿಬಿಟ್ಟು ಹೇಳಿ ನೋಡಿ. ಎರಡನೆಯದು ಕೀ ಎಲ್ಲಿ ಎಂದು ಕೇಳಿದವರಿಗೆ ಕೊಡುವ ಉತ್ತರ. ಕೇಳುವವನಿಗೆ ಯಾವ ಕೀ ಎಂದು ಮೊದಲೇ ಗೊತ್ತು.

ಕರಡು_ತಿದ್ದುವವಳು:
ಮೇಷ್ಟ್ರೇ, ‘ಅನ್ನು’ ಪರೀಕ್ಷೆ ಚೆನ್ನಾಗಿದೆ, ಆದರೆ ಮನುಷ್ಯರ ವಿಷಯದಲ್ಲಿ ಕೈಕೊಡುತ್ತೆ. ‘ಒಬ್ಬ ಹುಡುಗನನ್ನು ನೋಡಿದೆ’ ಅನ್ನೋದರಲ್ಲಿ ‘ಅನ್ನು’ ಇದೆ, ಆದರೂ ಇಂಗ್ಲಿಷ್‌ನಲ್ಲಿ ‘ಎ ಬಾಯ್’. ವ್ಯಕ್ತಿವಾಚಕಗಳಿಗೆ ಕನ್ನಡದಲ್ಲಿ ಆ ಪ್ರತ್ಯಯ ಹೇಗೂ ಬಂದೇ ಬರುತ್ತೆ. ಹಾಗಾಗಿ ನಿರ್ಜೀವ ವಸ್ತುಗಳಿಗೆ ಮಾತ್ರ ಇದನ್ನ ನಂಬಿ. ಜನರಿಗಾದರೆ ‘ಒಬ್ಬ’ ಸೇರಿಸಿದರೆ ಅರ್ಥ ಕೆಡುತ್ತಾ ಅಂತ ನೋಡಿ. ಕೆಡದಿದ್ದರೆ ‘ಎ’.

‘ಮೊದಲ ಸಲ ಎ, ಎರಡನೇ ಸಲ ದಿ’ ಅನ್ನೋ ಶಾಲೆಯ ಸೂತ್ರ ಕೂಡ ಅರ್ಧ ದಾರಿಗೇ ನಿಲ್ಲುತ್ತೆ. ‘ಐ ಗಾಟ್ ಆನ್ ಎ ಬಿಎಂಟಿಸಿ ಬಸ್. ದಿ ಕಂಡಕ್ಟರ್ ಹ್ಯಾಡ್ ನೋ ಚೇಂಜ್.’ ಕಂಡಕ್ಟರ್ ಇಲ್ಲಿ ಬಂದಿದ್ದು ಮೊದಲನೇ ಸಲ, ಆದರೂ ‘ದಿ’. ಬಸ್ ಅಂದಮೇಲೆ ಅದಕ್ಕೊಬ್ಬ ಕಂಡಕ್ಟರ್ ಇರ್ತಾನೆ ಅಂತ ಕೇಳುವವನ ತಲೆಯಲ್ಲಿ ಆಗಲೇ ಕೂತಿದೆ. ‘ಎ ಕಂಡಕ್ಟರ್’ ಅಂದ್ರೆ ಯಾವುದೋ ಬೇರೆ ಬಸ್ಸಿನ ಕಂಡಕ್ಟರ್ ಹತ್ತಿಕೊಂಡ ಹಾಗಾಗುತ್ತೆ. ದೋಸೆ ಬಂದರೆ ‘ದಿ ಚಟ್ನಿ’, ಮನೆ ಅಂದರೆ ‘ದಿ ಓನರ್’, ಲ್ಯಾಪ್‌ಟಾಪ್ ಅಂದರೆ ‘ದಿ ಚಾರ್ಜರ್’. ಎಷ್ಟನೇ ಸಲ ಹೇಳಿದ್ದು ಅನ್ನೋದು ಲೆಕ್ಕಕ್ಕಿಲ್ಲ. ‘ಯಾವುದು?’ ಅಂತ ಅವನು ಕೇಳ್ತಾನಾ ಇಲ್ವಾ, ಅದಷ್ಟೇ.

‘ಆಫ್ ಬಂದರೆ ದಿ’ ಅನ್ನೋ ಇನ್ನೊಂದು ಕಂಠಪಾಠವನ್ನೂ ಬಿಟ್ಟುಬಿಡಿ. ‘ಎ ಕಪ್ ಆಫ್ ಕಾಫಿ’, ‘ಎ ಫ್ರೆಂಡ್ ಆಫ್ ಮೈನ್’ ಎದುರಿಗೇ ಇವೆ.

ಹಳೇ_ಮೇಷ್ಟ್ರು:
ಒಪ್ಪಿದೆ, ತಿದ್ದುವವರೇ. ಬರೆಯುವಾಗ ಕೈಗೆ ಬರುವಂತೆ ಹೀಗೆ ಇಟ್ಟುಕೊಳ್ಳಬಹುದು: ಏಕವಚನದಲ್ಲಿರುವ, ಎಣಿಸಬಹುದಾದ ನಾಮಪದ ಇಂಗ್ಲಿಷಿನಲ್ಲಿ ಬರಿಮೈಯಲ್ಲಿ ಹೊರಗೆ ಬರುವುದಿಲ್ಲ. ‘ಎ’ ಇರಬೇಕು, ಇಲ್ಲ ‘ದಿ’, ಇಲ್ಲ ‘ಮೈ’, ‘ದಿಸ್’, ‘ಒನ್’, ಏನಾದರೊಂದು ಹೊದ್ದಿರಬೇಕು. ‘ಆ್ಯಸ್ ಟೆಸ್ಟ್ ಇಂಜಿನಿಯರ್’ ತಪ್ಪುವುದು ಇದಕ್ಕೇ. ‘ಆ್ಯಸ್ ಎ ಟೆಸ್ಟ್ ಇಂಜಿನಿಯರ್’ ಆಗಬೇಕು. ‘ಅವಳು ಇಂಜಿನಿಯರ್’ ಎನ್ನುವ ಕನ್ನಡದಲ್ಲಿ ಕ್ರಿಯಾಪದವೂ ಇಲ್ಲ, ‘ಒಬ್ಬ’ವೂ ಇಲ್ಲ. ಇಂಗ್ಲಿಷಿಗೆ ಎರಡೂ ಬೇಕು: ‘ಶೀ ಈಸ್ ಆ್ಯನ್ ಇಂಜಿನಿಯರ್’.

ಒಬ್ಬರೇ ಇರುವ ಹುದ್ದೆಗೆ ವಿನಾಯಿತಿ ಉಂಟು: ‘ಅಪಾಯಿಂಟೆಡ್ ಆ್ಯಸ್ ಪ್ರಿನ್ಸಿಪಾಲ್’, ‘ಎಲೆಕ್ಟೆಡ್ ಪ್ರೆಸಿಡೆಂಟ್’. ‘ಬೈ ಬಸ್’, ‘ಅಟ್ ಹೋಮ್’, ‘ಇನ್ ಬೆಡ್’, ‘ಗೋ ಟು ಸ್ಕೂಲ್’ ಇಂಥವೂ ಬರಿಮೈಯಲ್ಲೇ ಇರುತ್ತವೆ. ಓದಲು ಹೋಗುವ ಮಗು ‘ಗೋಸ್ ಟು ಸ್ಕೂಲ್’, ಫೀಸ್ ಕಟ್ಟಲು ಹೋಗುವ ಅಪ್ಪ ‘ಗೋಸ್ ಟು ದಿ ಸ್ಕೂಲ್’. ಮೊದಲನೆಯದು ಕೆಲಸದ ಹೆಸರು, ಎರಡನೆಯದು ಕಟ್ಟಡ.

ಈ ಗುಂಪಿಗೆ ‘ಆಫೀಸ್’ ಸೇರುವುದಿಲ್ಲ. ‘ಹೀ ಈಸ್ ಇನ್ ಆಫೀಸ್’ ಎಂದರೆ ಅಧಿಕಾರದಲ್ಲಿದ್ದಾನೆ ಎಂದರ್ಥ. ಮಂತ್ರಿಗೆ ಸರಿ, ಟೆಸ್ಟ್ ಇಂಜಿನಿಯರಿಗೆ ‘ಇನ್ ದಿ ಆಫೀಸ್’ ಅಥವಾ ‘ಅಟ್ ವರ್ಕ್’. ಒಂದು ‘ದಿ’ಯಿಂದ ಅರ್ಥ ತಿರುಗುವ ಜೋಡಿಗಳು ಇನ್ನೂ ಇವೆ. ‘ಇನ್ ಫ್ರಂಟ್ ಆಫ್ ದಿ ಬಸ್’ ಎಂದರೆ ಬಸ್ಸಿನ ಎದುರು ರಸ್ತೆಯಲ್ಲಿ, ‘ಇನ್ ದಿ ಫ್ರಂಟ್ ಆಫ್ ದಿ ಬಸ್’ ಎಂದರೆ ಒಳಗೆ ಮುಂಭಾಗದಲ್ಲಿ. ‘ಫ್ಯೂ’ ಎಂದರೆ ಇಲ್ಲವೇನೋ ಎನ್ನುವಷ್ಟು, ‘ಎ ಫ್ಯೂ’ ಎಂದರೆ ಒಂದಷ್ಟು.

ಕೋಡ್_ಕನ್ನಡಿಗ:
ಐಟಿ ಕಡೆಯ ಪಟ್ಟಿ ಸೇರಿಸ್ತೀನಿ. ‘ಎ ಫೀಡ್‌ಬ್ಯಾಕ್’, ‘ಎ ಸಾಫ್ಟ್‌ವೇರ್’, ‘ಆ್ಯನ್ ಇನ್ಫರ್ಮೇಷನ್’, ‘ಆ್ಯನ್ ಅಡ್ವೈಸ್’, ‘ಎ ಟ್ರಾಫಿಕ್’, ಯಾವುದೂ ನಡೆಯಲ್ಲ. ಇಂಗ್ಲಿಷಲ್ಲಿ ಇವು ನೀರು, ಅಕ್ಕಿ ಥರ, ಎಣಿಸೋಕಾಗಲ್ಲ. ನಾವು ‘ಒಂದು ಸಲಹೆ, ಎರಡು ಸಲಹೆ’ ಅಂತ ಆರಾಮಾಗಿ ಎಣಿಸ್ತೀವಿ, ಆ ಅಭ್ಯಾಸ ಅಲ್ಲಿಗೂ ಹೋಗುತ್ತೆ. ‘ಸಮ್ ಫೀಡ್‌ಬ್ಯಾಕ್’, ‘ಯುವರ್ ಫೀಡ್‌ಬ್ಯಾಕ್’, ‘ಎ ಪೀಸ್ ಆಫ್ ಅಡ್ವೈಸ್’, ‘ಎ ಸಾಫ್ಟ್‌ವೇರ್ ಟೂಲ್’ ಅನ್ನಿ. ‘ಎ ಸಾಫ್ಟ್‌ವೇರ್ ಇಂಜಿನಿಯರ್’ ಸರಿ, ಯಾಕಂದ್ರೆ ಅಲ್ಲಿನ ‘ಎ’ ಇಂಜಿನಿಯರ್‌ದು.

‘ಎ’ನೋ ‘ಆ್ಯನ್’ನೋ ಅನ್ನೋಕೆ ಕನ್ನಡ ಲಿಪಿಯೇ ಒಳ್ಳೇ ಉಪಕರಣ. ಪದವನ್ನ ಕನ್ನಡದಲ್ಲಿ ಬರೀರಿ. ಸ್ವರದಿಂದ ಶುರುವಾದ್ರೆ ‘ಆ್ಯನ್’, ವ್ಯಂಜನ ಬಂದ್ರೆ ‘ಎ’. ಅವರ್ (ಗಂಟೆ), ಆನೆಸ್ಟ್, ಎಂಎಲ್‌ಎ, ಎಫ್‌ಐಆರ್, ಇಎಂಐ, ಎಕ್ಸ್‌ರೇ, ಎಸ್‌ಎಸ್‌ಎಲ್‌ಸಿ ಇವಕ್ಕೆಲ್ಲ ‘ಆ್ಯನ್’. ಯೂನಿವರ್ಸಿಟಿ, ಯುಪಿಐ ಐಡಿ, ಯೂರೋಪಿಯನ್ ಇವು ‘ಯ’ಕಾರದವು, ಹಾಗಾಗಿ ‘ಎ’.

ಕರಡು_ತಿದ್ದುವವಳು:
ಉಪಕರಣ ಸರಿ, ಆದರೆ ನಮ್ಮ ಉಚ್ಚಾರಣೆಯೇ ಅದಕ್ಕೆ ತೊಡರುಗಾಲು ಹಾಕುತ್ತೆ. ‘ಯೆಮ್ಮೆಲ್ಲೆ’, ‘ಯೆಫ್ಫೈಯಾರ್’, ‘ಯೆಗ್’ ಅಂತ ಮಾತಾಡ್ತೀವಲ್ಲ, ಕಿವಿ ಅದನ್ನ ‘ಯ’ ಅಂತ ಲೆಕ್ಕ ಹಾಕಿ ‘ಎ ಎಂಎಲ್‌ಎ’ ಬರೆಸುತ್ತೆ. ಪದದ ಮೊದಲಿನ ಎ, ಏ, ಇ, ಈ ಮುಂದೆ ‘ಯ’ ಸೇರಿಸೋದು, ಒ, ಓ ಮುಂದೆ ‘ವ’ ಸೇರಿಸೋದು ನಮ್ಮ ನಾಲಿಗೆಯ ಗುಣ.

‘ಒನ್’ ಇದರ ಉಲ್ಟಾ. ಬರೆಯುವಾಗ ‘ಒ’, ಇಂಗ್ಲಿಷ್ ಉಚ್ಚಾರಣೆಯಲ್ಲಿ ‘ವನ್’. ಅದಕ್ಕೇ ‘ಎ ಒನ್‌ವೇ ರೋಡ್’.

ಬೆಂಗಳೂರಿನ ಆಫೀಸುಗಳಲ್ಲಿ ದಿನಾ ಕಾಣುವ ತಪ್ಪು ‘ಎ ಎಚ್‌ಆರ್ ಮ್ಯಾನೇಜರ್’. ಆ ಅಕ್ಷರವನ್ನ ‘ಹೆಚ್’ ಅಂತ ಓದೋರಿಗೆ ಅದು ವ್ಯಂಜನ, ಹಾಗಾಗಿ ಅವರ ಕಿವಿಗೆ ‘ಎ’ ಸರಿ. ಪ್ರಮಾಣಿತ ಉಚ್ಚಾರಣೆ ‘ಎಚ್’, ಹಾಗಾಗಿ ಬರಹದಲ್ಲಿ ‘ಆ್ಯನ್ ಎಚ್‌ಆರ್ ಮ್ಯಾನೇಜರ್’, ‘ಆ್ಯನ್ ಎಚ್‌ಎಎಲ್ ಎಂಪ್ಲಾಯಿ’. ‘ಹೋಟೆಲ್’ ಮಾತ್ರ ‘ಎ ಹೋಟೆಲ್’. ‘ಓಟ್ಲು’ ಅನ್ನೋರೂ ಅಲ್ಲಿ ಹಕಾರ ವಾಪಸ್ ತಂದುಕೋಬೇಕು.

ಬಸವನಗುಡಿ_ಬರಹ:
ಜಾಗದ ಹೆಸರಿಗೆ ‘ದಿ’ ಯಾವಾಗ? ‘ದಿ ಕಬ್ಬನ್ ಪಾರ್ಕ್’ ಅನ್ನಬಹುದಾ?

ಕರಡು_ತಿದ್ದುವವಳು:
ಇಲ್ಲ. ಕಬ್ಬನ್ ಪಾರ್ಕ್, ಲಾಲ್‌ಬಾಗ್, ಹಲಸೂರು ಲೇಕ್, ಎಂಜಿ ರೋಡ್, ಜಯನಗರ ಎಲ್ಲವೂ ‘ದಿ’ ಇಲ್ಲದೆ. ನದಿಗೆ ‘ದಿ’ ಬೇಕು: ‘ದಿ ಕಾವೇರಿ’, ‘ದಿ ಅರ್ಕಾವತಿ’. ಬೆಟ್ಟಸಾಲಿಗೂ ಬೇಕು: ‘ದಿ ವೆಸ್ಟರ್ನ್ ಘಾಟ್ಸ್’. ಒಂಟಿ ಶಿಖರಕ್ಕೆ ಬೇಡ: ಮುಳ್ಳಯ್ಯನಗಿರಿ. ನಂದಿ ಹಿಲ್ಸ್ ಬಹುವಚನದಂತೆ ಕಂಡರೂ ಊರಿನ ಹೆಸರಿನ ಹಾಗೆ ಬಳಕೆಯಾಗುತ್ತೆ, ‘ದಿ’ ಇಲ್ಲ.

ಸಂಸ್ಥೆಗಳಲ್ಲಿ ಹೆಸರಿನ ಕಟ್ಟು ನೋಡಿ. 1916ರ ಮೈಸೂರು ವಿಶ್ವವಿದ್ಯಾಲಯ ಇಂಗ್ಲಿಷಲ್ಲಿ ‘ದಿ ಯೂನಿವರ್ಸಿಟಿ ಆಫ್ ಮೈಸೂರ್’. 1964ರ ಬೆಂಗಳೂರು ವಿಶ್ವವಿದ್ಯಾಲಯ ಬರೀ ‘ಬ್ಯಾಂಗಲೋರ್ ಯೂನಿವರ್ಸಿಟಿ’. ನಡುವೆ ‘ಆಫ್’ ಇರುವ ಹೆಸರು ‘ದಿ’ ಕೇಳುತ್ತೆ, ಊರಿನ ಹೆಸರು ಮುಂದೆ ಬಂದಿದ್ದರೆ ಕೇಳಲ್ಲ. ‘ದಿ ಹೈಕೋರ್ಟ್ ಆಫ್ ಕರ್ನಾಟಕ’, ‘ದಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್’ ಅದೇ ಜಾತಿ. (ಮೇಲೆ ಬೈದಿದ್ದು ಆಫ್ ಕಂಡಲ್ಲೆಲ್ಲ ‘ದಿ’ ಹಾಕೋದಕ್ಕೆ. ಸಂಸ್ಥೆಯ ಹೆಸರಿನ ಮಾತು ಬೇರೆ.) ಪದದ ಹಾಗೆ ಓದುವ ಸಂಕ್ಷೇಪಗಳಿಗೆ ಸಾಮಾನ್ಯವಾಗಿ ‘ದಿ’ ಬೇಡ: ಇಸ್ರೋ, ನಿಮ್ಹಾನ್ಸ್. ಭಾಷೆಗೂ ಬೇಡ. ‘ಕನ್ನಡ’ ಅಥವಾ ‘ದಿ ಕನ್ನಡ ಲ್ಯಾಂಗ್ವೇಜ್’, ‘ದಿ ಕನ್ನಡ’ ಮಾತ್ರ ಅಲ್ಲ.

ಹಳೇ_ಮೇಷ್ಟ್ರು:
ಈಗ ವಿಭಕ್ತಿಗೆ. ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ‘ಇಂದ’. ‘ಚಾಕುವಿನಿಂದ’ ಎಂದರೆ ‘ವಿತ್ ಎ ನೈಫ್’, ‘ಮೈಸೂರಿನಿಂದ’ ಎಂದರೆ ‘ಫ್ರಮ್ ಮೈಸೂರು’, ‘ಮಳೆಯಿಂದ’ ಎಂದರೆ ‘ಬಿಕಾಸ್ ಆಫ್ ದಿ ರೇನ್’. ಕಾಲದಲ್ಲಿ ಅದು ಎರಡಾಗಿ ಸೀಳುತ್ತದೆ. ‘2021ರಿಂದ’ ಎಂದರೆ ಶುರುವಾದ ಬಿಂದು: ‘ಸಿನ್ಸ್ 2021’. ‘ಮೂರು ವರ್ಷದಿಂದ’ ಎಂದರೆ ಉದ್ದ: ‘ಫಾರ್ ತ್ರೀ ಇಯರ್ಸ್’. ಕ್ಯಾಲೆಂಡರ್ ಮೇಲೆ ಬೆರಳಿಟ್ಟು ತೋರಿಸಬಹುದಾದರೆ ‘ಸಿನ್ಸ್’, ಅಳೆಯಬೇಕಾದರೆ ‘ಫಾರ್’. ಎರಡರಲ್ಲೂ ಕೆಲಸ ಈಗಲೂ ನಡೆಯುತ್ತಿದ್ದರೆ ಕ್ರಿಯಾಪದ ‘ಹ್ಯಾವ್ ಬೀನ್ ವರ್ಕಿಂಗ್’.

‘ಗೆ’ ಇನ್ನೊಂದು. ‘ಮನೆಗೆ ಹೋದೆ’ ಎನ್ನುವುದು ‘ವೆಂಟ್ ಹೋಮ್’, ‘ಟು’ ಇಲ್ಲ. ‘ಮೆಜೆಸ್ಟಿಕ್‌ಗೆ ತಲುಪಿದೆ’ ಎನ್ನುವುದು ‘ರೀಚ್ಡ್ ಮೆಜೆಸ್ಟಿಕ್’, ಅಲ್ಲೂ ‘ಟು’ ಇಲ್ಲ. ಅದೇ ‘ಅರೈವ್’ ಬಳಸಿದರೆ ‘ಅರೈವ್ಡ್ ಅಟ್ ಮೆಜೆಸ್ಟಿಕ್’, ‘ಅರೈವ್ಡ್ ಇನ್ ಬೆಂಗಳೂರು’: ನಿಲ್ದಾಣಕ್ಕೆ ‘ಅಟ್’, ನಗರಕ್ಕೆ ‘ಇನ್’. ‘10 ಗಂಟೆಗೆ’ ಎಂಬುದು ‘ಅಟ್ 10’. ‘ನನಗೆ ವಿವರಿಸಿ’ ಎಂಬುದು ‘ಎಕ್ಸ್‌ಪ್ಲೇನ್ ಇಟ್ ಟು ಮಿ’. ‘ಎಕ್ಸ್‌ಪ್ಲೇನ್ ಮಿ’ ಎಂದರೆ ನನ್ನನ್ನೇ ಬಿಡಿಸಿ ಹೇಳಿ ಎಂದಾಗುತ್ತದೆ. ಇನ್ನು ‘ಕೇಜಿಗೆ 50 ರೂಪಾಯಿ’, ‘ದಿನಕ್ಕೆ ಎರಡು ಸಲ’? ಇಲ್ಲಿ ‘ಗೆ’, ‘ಕ್ಕೆ’ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಆರ್ಟಿಕಲ್ ಮಾಡುತ್ತದೆ: ‘50 ರುಪೀಸ್ ಎ ಕಿಲೋ’, ‘ಟ್ವೈಸ್ ಎ ಡೇ’. ಔಷಧಿ ಚೀಟಿಯಲ್ಲಿ ನಿತ್ಯ ಕಾಣುವ ಈ ‘ಎ’ಯನ್ನು ಯಾಕೋ ಯಾರೂ ಹೇಳಿಕೊಡುವುದಿಲ್ಲ.

ಕೋಡ್_ಕನ್ನಡಿಗ:
‘ಬಗ್ಗೆ’ ಮರೀಬೇಡಿ ಮೇಷ್ಟ್ರೇ. ‘ಡಿಸ್ಕಸ್ ಅಬೌಟ್’ ಬರೋದು ಕನ್ನಡದಿಂದ ಮಾತ್ರ ಅಲ್ಲ, ಇಂಗ್ಲಿಷ್ ನಾಮಪದದಿಂದಾನೂ. ‘ಎ ಡಿಸ್ಕಷನ್ ಅಬೌಟ್ ದಿ ರಿಲೀಸ್’ ಸರಿ, ‘ಡಿಸ್ಕಸ್ಡ್ ದಿ ರಿಲೀಸ್’ ಕ್ರಿಯಾಪದ, ಅಲ್ಲಿ ನಡುವೆ ಏನೂ ಬೇಡ. ‘ಎ ರಿಕ್ವೆಸ್ಟ್ ಫಾರ್ ಲೀವ್’ ಆದ್ರೆ ‘ಐ ರಿಕ್ವೆಸ್ಟ್ ಲೀವ್’. ‘ಆ್ಯನ್ ಆರ್ಡರ್ ಫಾರ್ ಟೂ ಕಾಫೀಸ್’ ಆದ್ರೆ ‘ವಿ ಆರ್ಡರ್ಡ್ ಟೂ ಕಾಫೀಸ್’. ‘ಎಂಫಸಿಸ್ ಆನ್’, ಆದ್ರೆ ‘ಎಂಫಸೈಜ್’ ಒಂಟಿ. ಮ್ಯಾರಿ, ಎಂಟರ್, ಕಾಂಟ್ಯಾಕ್ಟ್, ಮೆನ್ಷನ್ ಕೂಡ ಒಂಟಿ ಕ್ರಿಯಾಪದಗಳು.

‘ಒಳಗೆ’ ಇನ್ನೊಂದು ಬಲೆ. ‘ಮೂರು ದಿನದೊಳಗೆ’ ಎಂದರೆ ‘ವಿದಿನ್ ತ್ರೀ ಡೇಸ್’, ‘ಶುಕ್ರವಾರದೊಳಗೆ’ ಎಂದರೆ ‘ಬೈ ಫ್ರೈಡೇ’. ಅವಧಿಗೆ ‘ವಿದಿನ್’, ಗಡುವಿಗೆ ‘ಬೈ’. ‘ಶುಕ್ರವಾರದ ತನಕ’ ಆದರೆ ‘ಅಂಟಿಲ್ ಫ್ರೈಡೇ’. ‘ಸೆಂಡ್ ಇಟ್ ಅಂಟಿಲ್ ಫ್ರೈಡೇ’ ಅಂದ್ರೆ ಶುಕ್ರವಾರದ ತನಕ ಕಳಿಸ್ತಾನೇ ಇರು ಅಂತ.

‘ಬಿಟ್ವೀನ್’ ಜೊತೆ ‘ಆ್ಯಂಡ್’, ‘ಫ್ರಮ್’ ಜೊತೆ ‘ಟು’. ನಮ್ಮ ಮೆಟ್ರೋ ಮೊದಲು ಓಡಿದ ಮಾರ್ಗ ನೆನಪಿಟ್ಕೊಳ್ಳಿ: ‘ಇಟ್ ಓಪನ್ಡ್ ಆನ್ 20 ಅಕ್ಟೋಬರ್ 2011 ಬಿಟ್ವೀನ್ ಬೈಯಪ್ಪನಹಳ್ಳಿ ಆ್ಯಂಡ್ ಎಂಜಿ ರೋಡ್’. ಒಂದೇ ವಾಕ್ಯದಲ್ಲಿ ಎರಡು ಪಾಠ. ದಿನಕ್ಕೆ ‘ಆನ್’, ತಿಂಗಳಿಗೂ ವರ್ಷಕ್ಕೂ ‘ಇನ್’, ಗಂಟೆಗೆ ‘ಅಟ್’. ‘ಇನ್ ದಿ ಮಾರ್ನಿಂಗ್’, ಆದ್ರೆ ‘ಆನ್ ಮಂಡೇ ಮಾರ್ನಿಂಗ್’, ದಿನದ ಹೆಸರು ಬಂದ ಕೂಡಲೇ ‘ಆನ್’ ಗೆಲ್ಲುತ್ತೆ. ‘ಲಾಸ್ಟ್’, ‘ನೆಕ್ಸ್ಟ್’, ‘ದಿಸ್’ ಇದ್ರೆ ಯಾವುದೂ ಬೇಡ: ‘ನೆಕ್ಸ್ಟ್ ಮಂಡೇ’.

ಸಿಲ್ಕ್‌ಬೋರ್ಡ್_ಸಿಗ್ನಲ್:
‘ಇನ್ ದಿ ಬಸ್’ ತಪ್ಪಾ? ಎಲ್ಲರೂ ಹಾಗೇ ಅಂತಾರೆ.

ಕೋಡ್_ಕನ್ನಡಿಗ:
‘ಆನ್ ದಿ ಬಸ್’, ‘ಆನ್ ದಿ ಮೆಟ್ರೋ’ ಬರೀರಿ. ಒಳಗೆ ಎದ್ದು ಓಡಾಡಬಹುದಾದ ಗಾಡಿಗೆ ‘ಆನ್’, ಮುದುರಿ ಕೂರಬೇಕಾದದ್ದಕ್ಕೆ ‘ಇನ್’: ‘ಇನ್ ಆ್ಯನ್ ಆಟೋ’, ‘ಇನ್ ಎ ಕ್ಯಾಬ್’. ಬೈಕ್, ಸೈಕಲ್ ಮೇಲೆ ಕೂರೋದು, ಅದಕ್ಕೆ ‘ಆನ್’. ಇಳಿಯೋದೂ ಹಾಗೇ: ಬಸ್ಸಿಂದ ‘ಗೆಟ್ ಆಫ್’, ಇಲ್ಲಿ ‘ಆಫ್’ಗೆ ಎರಡು ಎಫ್. ಆಟೋದಿಂದ ‘ಗೆಟ್ ಔಟ್ ಆಫ್’. ‘ಬೈ ವಾಕ್’ ಅನ್ನೋದು ಇಲ್ಲ, ‘ಆನ್ ಫುಟ್’. ‘ಬೈ’ ಜೊತೆ ಆರ್ಟಿಕಲ್ ಬರಲ್ಲ. ‘ಬೈ ಆಟೋ’, ‘ಬೈ ದಿ ಆಟೋ’ ಅಲ್ಲ.

ಕರಡು_ತಿದ್ದುವವಳು:
‘ಇನ್ ದಿ ಬಸ್’ ಪೂರ್ತಿ ತಪ್ಪು ಅಂತ ಹೇಳಲಾರೆ. ಮಳೆ ಬಂದಾಗ ಹೊರಗಲ್ಲ, ಒಳಗೆ ಇದ್ದೆ ಅಂತ ಒತ್ತಿ ಹೇಳೋಕೆ ಅದೇ ಸರಿ. ಪ್ರಯಾಣದ ಅರ್ಥಕ್ಕೆ ‘ಆನ್’. ಬ್ರಿಟಿಷರು ‘ಅಟ್ ದಿ ವೀಕೆಂಡ್’, ‘ಇನ್ ಹಾಸ್ಪಿಟಲ್’ ಅಂದರೆ ಅಮೆರಿಕದವರು ‘ಆನ್ ದಿ ವೀಕೆಂಡ್’, ‘ಇನ್ ದಿ ಹಾಸ್ಪಿಟಲ್’ ಅಂತಾರೆ. ವಿದೇಶಕ್ಕೆ ಹೋಗೋರು ಬರೆಯೋ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನಲ್ಲಿ ಎರಡೂ ನಡೆಯುತ್ತೆ, ಒಂದೇ ಬರಹದಲ್ಲಿ ಬೆರೆಸದಿದ್ದರೆ ಸಾಕು. ಅಲ್ಲಿ ಬರವಣಿಗೆಗೆ ನಾಲ್ಕು ಮಾನದಂಡ, ವ್ಯಾಕರಣ ಅದರಲ್ಲೊಂದು. 250 ಪದದ ಪ್ರಬಂಧದಲ್ಲಿ ಆರ್ಟಿಕಲ್ ತಪ್ಪು ಸಾಲುಸಾಲಿಗೂ ಇಣುಕಿದರೆ ಆ ಮಾನದಂಡ ಕುಸಿಯುತ್ತೆ.

ಉದ್ದ ಫ್ರೇಸ್‌ಗಳಿಗೆ ಒಂದು ಉಪಾಯ ಇದೆ. ಕನ್ನಡದ ಸರಪಳಿಯನ್ನ ಹಿಂದಿನಿಂದ ಮುಂದಕ್ಕೆ ಓದಿ. ‘ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನ ಎರಡನೇ ಮಹಡಿಯ ಅಂಗಡಿಯಲ್ಲಿ’. ಕೊನೆಯ ‘ಅಂಗಡಿಯಲ್ಲಿ’ಯಿಂದ ಶುರು ಮಾಡಿ, ಒಂದೊಂದು ಕೊಂಡಿಗೂ ‘ಯಾವುದು ಅಂತ ಗೊತ್ತಾ?’ ಕೇಳಿ. ಅಂಗಡಿ ಯಾವುದೋ: ‘ಅಟ್ ಎ ಶಾಪ್’. ಎರಡನೇ ಮಹಡಿ ಇರೋದು ಒಂದೇ: ‘ಆನ್ ದಿ ಸೆಕೆಂಡ್ ಫ್ಲೋರ್’. ಕಾಂಪ್ಲೆಕ್ಸ್ ಇಬ್ಬರಿಗೂ ಗೊತ್ತು: ‘ಆಫ್ ದಿ ಕಾಂಪ್ಲೆಕ್ಸ್’. ಬಡಾವಣೆ ಹೆಸರು: ‘ಇನ್ ಜಯನಗರ ಫೋರ್ತ್ ಬ್ಲಾಕ್’, ಆರ್ಟಿಕಲ್ ಇಲ್ಲ. ಕನ್ನಡದ ‘ಇನ’, ‘ಯ’ ಎಲ್ಲ ‘ಆಫ್’ ಆಗಲಿಲ್ಲ ನೋಡಿ. ಮಹಡಿಗೆ ‘ಆನ್’ ಬಂತು, ಬಡಾವಣೆಗೆ ‘ಇನ್’ ಬಂತು. ಎಲ್ಲದಕ್ಕೂ ‘ಆಫ್’ ಹಾಕಿದರೆ ಅದು ಪೋಸ್ಟ್ ಕವರಿನ ವಿಳಾಸದ ಹಾಗೆ ಕಾಣುತ್ತೆ.

ಬಸವನಗುಡಿ_ಬರಹ:
ತಿದ್ದಿದೆ, ನೋಡಿ:

“ಐ ಹ್ಯಾವ್ ಬೀನ್ ವರ್ಕಿಂಗ್ ಆ್ಯಸ್ ಎ ಟೆಸ್ಟ್ ಇಂಜಿನಿಯರ್ ಫಾರ್ ತ್ರೀ ಇಯರ್ಸ್. ವಿ ಡಿಸ್ಕಸ್ಡ್ ದಿ ರಿಲೀಸ್ ಆನ್ ಮಂಡೇ. ಪ್ಲೀಸ್ ಸೆಂಡ್ ಮಿ ಯುವರ್ ಫೀಡ್‌ಬ್ಯಾಕ್ ಬೈ ಫ್ರೈಡೇ. ಐ ವಿಲ್ ಬಿ ಇನ್ ದಿ ಆಫೀಸ್ ಬಿಟ್ವೀನ್ 10 ಆ್ಯಂಡ್ 5. ಲುಕಿಂಗ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು.”

ಹಳೇ_ಮೇಷ್ಟ್ರು:
ಕೊನೆಯ ಸಾಲು ಹೊಸದಾಗಿ ಸೇರಿಸಿದಿರಿ, ಅಲ್ಲೇ ಎಡವಿದಿರಿ. ಅಲ್ಲಿನ ‘ಟು’ ಪ್ರಿಪೊಸಿಷನ್, ಹಾಗಾಗಿ ‘ಟು ಹಿಯರಿಂಗ್ ಫ್ರಮ್ ಯು’. ‘ಟು’ ಮುಂದೆ ‘ಇಟ್’ ಇಟ್ಟು ನೋಡಿ. ‘ಲುಕಿಂಗ್ ಫಾರ್ವರ್ಡ್ ಟು ಇಟ್’ ನಡೆಯುತ್ತದೆ ಎಂದರೆ ಅಲ್ಲಿ ‘ಇಂಗ್’ ರೂಪವೇ ಬೇಕು. ಉಳಿದದ್ದು ಸರಿ.

ಕರಡು_ತಿದ್ದುವವಳು:
ಎರಡನೇ ವಾಕ್ಯವನ್ನೂ ಇನ್ನೊಮ್ಮೆ ಓದಿ. ವ್ಯಾಕರಣ ಸರಿ, ಆದರೆ ‘ಆನ್ ಮಂಡೇ’ ಯಾವುದಕ್ಕೆ ಅಂಟಿದೆ? ಚರ್ಚೆ ಸೋಮವಾರ ಆಯ್ತಾ, ರಿಲೀಸ್ ಸೋಮವಾರದ್ದಾ? ಕನ್ನಡದಲ್ಲಿ ಒಂದು ಅಕ್ಷರದಲ್ಲಿ ಬಗೆಹರಿಯುತ್ತೆ: ‘ಸೋಮವಾರ ರಿಲೀಸ್ ಬಗ್ಗೆ ಮಾತಾಡಿದ್ವಿ’, ‘ಸೋಮವಾರದ ರಿಲೀಸ್ ಬಗ್ಗೆ ಮಾತಾಡಿದ್ವಿ’. ಇಂಗ್ಲಿಷಲ್ಲಿ ಜಾಗ ಬದಲಿಸಬೇಕು. ಚರ್ಚೆಯ ದಿನವಾದರೆ ‘ಆನ್ ಮಂಡೇ, ವಿ ಡಿಸ್ಕಸ್ಡ್ ದಿ ರಿಲೀಸ್’. ರಿಲೀಸಿನ ದಿನವಾದರೆ ‘ವಿ ಡಿಸ್ಕಸ್ಡ್ ಮಂಡೇಸ್ ರಿಲೀಸ್’, ಆಗ ‘ದಿ’ಯನ್ನೂ ತೆಗೆದುಬಿಡಿ, ‘ಮಂಡೇಸ್’ ಆ ಜಾಗದಲ್ಲಿ ಕೂತಾಗಿದೆ.

ಬಸವನಗುಡಿ_ಬರಹ:
ಚರ್ಚೆ ಸೋಮವಾರದ್ದು ಮೇಡಂ. ‘ಆನ್ ಮಂಡೇ’ ಮುಂದಕ್ಕೆ ಹಾಕಿದೆ.